ನೀಲಮ್ಮ ಎಷ್ಟು ಭಾರ ಹೊರುತ್ತಾಳೆ?

“ತಡೆಯಂಗಿಲ್ಲ,” ಎಂದ ಮುತ್ಯಾ, ಚಹಾದ ಕಪ್ಪಿನಿಂದ ತಲೆ ಎತ್ತದೆ.

“ತಡಿತೈತಿ ಮುತ್ಯಾ!” ಎಂದಳು ಭಾಗ್ಯಶ್ರೀ. “ಬಾಗಿಲ ಮ್ಯಾಲೆ ಎಷ್ಟು ದೊಡ್ಡದಾಗಿ ಬರದೈತಿ ನೋಡು. ಒನ್ ಟನ್!”

“ಅದನ್ನ ಬರದಾಂವ ಪೇಂಟರ್. ಅವಂಗ ಬಣ್ಣದ ಲೆಕ್ಕ ಗೊತ್ತು, ಭಾರದ ಲೆಕ್ಕ ಏನು ಗೊತ್ತು? ನೀಲಮ್ಮ ಹೊರೂದು ಅರ್ಧ ಟನ್ ಅಷ್ಟ.”

ಭಾಗ್ಯಳ ಮುಖ ಸಣ್ಣದಾಯಿತು.

ನೀಲಮ್ಮ ಎಂದರೆ ಹಸುವೂ ಅಲ್ಲ, ಎಮ್ಮೆಯೂ ಅಲ್ಲ. ಹೈದರಾಬಾದಿನ ಬಾಲಾನಗರದ ಅವರ ಮನೆ ಮುಂದೆ, ತಗಡಿನ ಚಪ್ಪರದ ಕೆಳಗೆ ನಿಂತಿರುವ ಹಳೇ ನೀಲಿ ಪಿಕಪ್ ಗಾಡಿ. ಮುಂದೆ ದುಂಡನೆಯ ಎರಡು ದೀಪ, ಸಿಟ್ಟು ಬಂದವರ ಕೆನ್ನೆಯಂತೆ ಉಬ್ಬಿದ ಬಾನೆಟ್ಟು, ಹಿಂದೆ ಕಟ್ಟಿಗೆಯ ತೊಟ್ಟಿ. ಅಪ್ಪ ಹುಟ್ಟುವುದಕ್ಕಿಂತ ಮೊದಲೇ ಅದು ಮನೆಗೆ ಬಂದಿತ್ತು. ವರ್ಕ್‌ಶಾಪುಗಳ ಕಬ್ಬಿಣದ ಸಾಮಾನು ಸಾಗಿಸಿಯೇ ಭಾಗ್ಯಳ ಅಜ್ಜ, ಮುತ್ಯಾ ಅಂಬಣ್ಣ, ಸಂಸಾರ ನಡೆಸಿದ್ದ.

ಈಗ ಮುತ್ಯಾನ ಕಣ್ಣು ಮಂಜು. ಸ್ಟೇರಿಂಗು ಅಪ್ಪ ಆನಂದಕುಮಾರನ ಕೈಗೆ ಹೋಗಿದೆ. ಆದರೂ ದಿನ ಬೆಳಗಾದರೆ ಹಸಿ ಬಟ್ಟೆ ಹಿಡಿದು ನೀಲಮ್ಮನ ಮೈ ಒರೆಸುವವನು ಮುತ್ಯಾನೇ. ದಾರಿಯಲ್ಲಿ ಹೋಗುವ ಹುಡುಗರು “ವಿಂಟೇಜ್! ವಿಂಟೇಜ್!” ಎನ್ನುತ್ತಾ ಗಾಡಿಯ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. “ನಾನೂ ವಿಂಟೇಜ್ ಅದೀನಿ, ನಂದೂ ಒಂದು ತಗೀರಿ,” ಎಂದು ಮುತ್ಯಾ ಮೀಸೆ ತಿರುವುತ್ತಾನೆ.

ಭಾಗ್ಯಳ ಕಷ್ಟ ಶುರುವಾದದ್ದು ಶಾಲೆಯಲ್ಲಿ.

ಸಿಕಂದರಾಬಾದಿನಲ್ಲಿ ಒಂದು ಹಳೇ ಕನ್ನಡ ವಾಚನಾಲಯ ಮುಚ್ಚುತ್ತಿತ್ತು. ಕಟ್ಟಡ ಕೆಡವುತ್ತಾರಂತೆ. ಅಲ್ಲಿಯ ಪುಸ್ತಕಗಳನ್ನೆಲ್ಲ ಭಾಗ್ಯಳ ಶಾಲೆಗೆ ಕೊಡುವುದೆಂದಾಗಿತ್ತು. ಆದರೆ ಭಾನುವಾರ ಸಂಜೆಯೊಳಗೆ ಕೋಣೆ ಖಾಲಿ ಮಾಡಿ ಕೀಲಿ ಒಪ್ಪಿಸಬೇಕು. ಉಳಿದದ್ದು ರದ್ದಿಯವನ ಪಾಲು.

“ಪುಸ್ತಕ, ಎರಡು ಕಬ್ಬಿಣದ ಅಲಮಾರಿ, ಎಲ್ಲಾ ಸೇರಿ ಹತ್ತತ್ತಿರ ಒಂದು ಟನ್,” ಎಂದಿದ್ದರು ದೀಪಾಲಿ ಟೀಚರ್. “ಯಾರ ಮನೇಲಾದ್ರೂ ಗಾಡಿ ಇದೆಯಾ?”

ಚೇತನಕುಮಾರ ತನ್ನ ಮಾಮನ ಆಟೋ ಇದೆ ಎಂದ. ಎಲ್ಲರೂ ನಕ್ಕರು. ಆಗ ಭಾಗ್ಯ ಎದ್ದು ನಿಂತಳು.

“ನಮ್ಮ ಗಾಡಿ ಒನ್ ಟನ್, ಟೀಚರ್! ಒಂದೇ ಟ್ರಿಪ್!”

ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಟೀಚರ್ “ಸೂಪರ್ ಭಾಗ್ಯ!” ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಮುತ್ಯಾ ನೋಡಿದರೆ ಅರ್ಧ ಟನ್ ಎನ್ನುತ್ತಿದ್ದಾನೆ.

“ಎರಡು ಟ್ರಿಪ್ ಹೊಡೀರಿ,” ಎಂದ ಮುತ್ಯಾ.

“ಸಂಡೇ ಟ್ರಾಫಿಕ್ ನಿನಗ ಗೊತ್ತಿಲ್ಲೇನು? ಎರಡನೇ ಟ್ರಿಪ್ಪಿಗೆ ಹೊತ್ತು ಮುಳುಗಿದ್ರ ಅರ್ಧ ಪುಸ್ತಕ ರದ್ದಿಗೆ ಹೋಗತಾವ! ಮತ್ತ ನಾ ಒಂದೇ ಟ್ರಿಪ್ ಅಂತ ಎಲ್ಲರ ಮುಂದ ಹೇಳೀನಿ!”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಆಯಿ, ಅಂದರೆ ಅಜ್ಜಿ ಗದಿಗೆಮ್ಮ, ರೊಟ್ಟಿ ಬಡಿಯುವುದನ್ನು ನಡುವೆ ನಿಲ್ಲಿಸಿದಳೆಂದರೆ ದೊಡ್ಡ ಮಾತು ಬರಲಿದೆ ಎಂದೇ ಅರ್ಥ.

“ಕೇಳಿದ್ಯಾ ಭಾಗ್ಯಾ?” ಎಂದಳು ಆಯಿ, ಹಿಟ್ಟಿನ ಕೈಯಲ್ಲೇ ಹೊರಬಂದು. “ಅವತ್ತೂ ನಿಮ್ಮ ಮುತ್ಯಾ ಹಿಂಗ ಅಂದಿದ್ರು. ತಡೆಯಂಗಿಲ್ಲ, ತಡೆಯಂಗಿಲ್ಲ. ಒಂದು ಟನ್ನಿನ ಗಾಡಿಯಾಗ ನಮ್ಮವ್ವನ ಒಳಕಲ್ಲಿಗೆ ಜಾಗ ಇದ್ದಿಲ್ಲ!”

ಈ ಒಳಕಲ್ಲಿನ ಕತೆ ಭಾಗ್ಯಳಿಗೆ ಬಾಯಿಪಾಠ. ಗುರುಮಿಠಕಲ್ ಹತ್ತಿರದ ಊರಿನಿಂದ ಸಂಸಾರ ಕಟ್ಟಿಕೊಂಡು ಹೈದರಾಬಾದಿಗೆ ಬರುವಾಗ ನೀಲಮ್ಮನ ತುಂಬ ಜೋಳದ ಚೀಲ, ಮಂಚ, ಟ್ರಂಕು ಹೇರಿದ್ದರು. ಅವುಗಳ ಜೊತೆಗೆ ಆಯಿಯ ತವರಿನ ಒಳಕಲ್ಲು. ನಾಲ್ಕು ಜನ ಎತ್ತಬೇಕಾದ ಕರೀ ಕಲ್ಲು. ಆಯಿಯ ಮದುವೆಯ ಅರಿಶಿನ ಕುಟ್ಟಿದ್ದು ಅದರಲ್ಲೇ.

ಊರು ದಾಟಿದ ಮೇಲೆ ಮುತ್ಯಾ ಗಾಡಿ ನಿಲ್ಲಿಸಿ ಕೆಳಗಿಳಿದ. ಹಿಂದಿನ ಗಾಲಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ತನ್ನ ಗೇಣು ಇಟ್ಟು ನೋಡಿದ. ಅದು ಅವನ ರೂಢಿ. ಗೇಣು ಹಿಡಿಸಿದರೆ ಗಾಡಿ ಮುಂದೆ ಹೋಗುತ್ತದೆ. ಹಿಡಿಸದಿದ್ದರೆ ಭಾರ ಇಳಿಯಬೇಕು. ಅವತ್ತು ಗೇಣು ಹಿಡಿಸಲಿಲ್ಲ. ಒಳಕಲ್ಲನ್ನು ಬೇವಿನ ಮರದ ಬುಡಕ್ಕೆ ಇಳಿಸಿ, “ಮುಂದಿನ ವಾರ ಬಂದು ಒಯ್ಯೂಣು,” ಎಂದ. ಮುಂದಿನ ವಾರ ಹೋದರೆ ಮರವಿತ್ತು, ಕಲ್ಲಿರಲಿಲ್ಲ.

“ತವರಿಂದು ಅಂತ ಅದಕ್ಕ ಬೆಲಿ ಇದ್ದಿಲ್ಲ,” ಎಂದಳು ಆಯಿ.

ಈ ಮಾತು ಬಂದಾಗಲೆಲ್ಲ ಮಾಡುವಂತೆ ಮುತ್ಯಾ ಎದ್ದು ನೀಲಮ್ಮನ ಕನ್ನಡಿ ಒರೆಸಲು ಹೋದ.

ಮುತ್ಯಾ ಸುಳ್ಳು ಹೇಳುತ್ತಾನಾ? ಭಾಗ್ಯ ಆವರೆಗೆ ಹಾಗೆ ಯೋಚಿಸಿಯೇ ಇರಲಿಲ್ಲ. ದಿನಾ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು, ಮಂಜುಗಣ್ಣಿನಲ್ಲಿ ನೂರು ಯೂನಿಫಾರಂಗಳ ನಡುವೆ ಅವಳೊಬ್ಬಳನ್ನೇ ಹುಡುಕುವ ಮುತ್ಯಾ. ಅವನು ಸುಳ್ಳು ಹೇಳುತ್ತಾನೆಂದರೆ ಹೇಗೆ? ಆದರೆ ಬಾಗಿಲ ಮೇಲೆ ಒನ್ ಟನ್ ಎಂದು ಬರೆದಿದೆಯಲ್ಲ!

ಮರುದಿನ ಶನಿವಾರ. ಮಧ್ಯಾಹ್ನ ಅಪ್ಪ ಊಟಕ್ಕೆ ಬಂದಾಗ ಭಾಗ್ಯ ಬೆನ್ನು ಹತ್ತಿದಳು. “ಅಪ್ಪಾ, ಗಾಡಿ ಎಷ್ಟು ಭಾರ ತಡಿತೈತಿ ಅಂತ ಎಲ್ಲಿ ಬರದಿರ್ತಾರ?”

“ಆರ್‌ಸಿ ಬುಕ್ಕಿನ್ಯಾಗ ಇರತೈತಿ. ಆದ್ರ ನಮ್ಮದು ಒಂದು ಮಳಿಗಾಲ ಸೀಟಿನ ಕೆಳಗ ನೆನದು, ಶಾಯಿ ಎಲ್ಲಾ ಕಲಸಿ ಹೋಗೇತಿ. ತಗೋ ಫೋನು, ನೀನ ಹುಡುಕು.”

ಭಾಗ್ಯ ಹುಡುಕಿದಳು. ಒಂದು ವಿಡಿಯೋದಲ್ಲಿ ಗಡ್ಡದ ಅಣ್ಣನೊಬ್ಬ ಇಂಥದೇ ಹಳೇ ಪಿಕಪ್ಪಿನ ಬಾಗಿಲು ತೆರೆದು ತೋರಿಸಿದ. ಬಾಗಿಲು ಮುಚ್ಚಿದಾಗ ಮರೆಯಾಗುವ ಕಂಬದ ಮೇಲೆ ಕಂಪನಿಯವರು ಒಂದು ಪ್ಲೇಟು ಬಡಿದಿರುತ್ತಾರಂತೆ. ಗಾಡಿಯ ತೂಕದ ಲೆಕ್ಕ ಅದರಲ್ಲಿ ಇರುತ್ತದಂತೆ.

ಭಾಗ್ಯ ಒಂದೇ ಓಟಕ್ಕೆ ಚಪ್ಪರದ ಕೆಳಗೆ ಬಂದಳು. ಬಾಗಿಲು ಎಳೆದಳು. ಕಂಬದ ಮೇಲೆ ಅಂಗೈ ಅಗಲದ ಒಂದು ಉಬ್ಬು ಕಾಣಿಸಿತು. ಅವಳು ಹುಟ್ಟಿದಾಗಿನಿಂದ ನೋಡಿದ ಉಬ್ಬು. ಅದು ಆಯಿಯ ದೇವರು!

ಅವರ ಮನೆಯ ಬಾಗಿಲ ಚೌಕಟ್ಟಿನ ಮೇಲೆ, ಊರಿನ ಮಠದ ಅಯ್ಯನವರು ಮಂತ್ರಿಸಿ ಕೊಟ್ಟ ತಾಮ್ರದ ತಗಡು ಇದೆ. ಅದರ ಮೇಲೆ ಗೆರೆಗಳು, ಸಣ್ಣ ಅಕ್ಷರಗಳು, ನಾಲ್ಕು ಮೂಲೆಗೆ ನಾಲ್ಕು ಮೊಳೆ. ನೀಲಮ್ಮ ಮನೆಗೆ ಬಂದ ದಿನ ಆಯಿ ಆರತಿ ಹಿಡಿದು ಬಾಗಿಲು ತೆಗೆದರೆ ಅಲ್ಲೂ ಅಂಥದೇ ತಗಡು. ಹಿತ್ತಾಳೆಯದು. ಅದೇ ಗೆರೆ, ಅದೇ ಸಣ್ಣ ಅಕ್ಷರ, ಅವೇ ನಾಲ್ಕು ಮೊಳೆ.

“ಗಾಡಿ ಮಾರಿದವ್ರು ಪುಣ್ಯವಂತರು. ಗಾಡಿಗೂ ಮಂತ್ರದ ತಗಡು ಬಡಿಸ್ಯಾರ,” ಎಂದು ಆಯಿ ಕೈ ಮುಗಿದಿದ್ದಳಂತೆ. ಅವತ್ತಿನಿಂದ ಪ್ರತಿ ಅಮಾವಾಸ್ಯೆಗೆ, ಪ್ರತಿ ಮಹಾನವಮಿಗೆ ಅದಕ್ಕೆ ಎಣ್ಣೆ, ಅರಿಶಿನ, ಕುಂಕುಮ. ಪದರದ ಮೇಲೆ ಪದರ ಕೂತು ಈಗ ಹೋಳಿಗೆಯಷ್ಟು ದಪ್ಪವಾಗಿತ್ತು.

ಹಾಗಾದರೆ ಪ್ಲೇಟು ಎಂದರೆ ಇದೇ!

ಭಾಗ್ಯ ಬ್ಯಾಗಿನಿಂದ ಸ್ಟೀಲ್ ಸ್ಕೇಲು ತಂದು ಮೂಲೆಯಲ್ಲಿ ಮೆಲ್ಲಗೆ ಕೆರೆದಳು. ಅರಿಶಿನದ ಒಂದು ಚಕ್ಕೆ ಕೆಳಗೆ ಬಿತ್ತು. ಒಳಗಿನಿಂದ ಇಂಗ್ಲಿಷಿನ ‘ಕೆ’ ಅಕ್ಷರ ಮಿಣುಕಿತು. ಇನ್ನೊಮ್ಮೆ ಕೆರೆಯಬೇಕು ಎನ್ನುವಾಗ ಒಂದು ದೊಡ್ಡ ಕೈ ಬಂದು ಅವಳ ಕೈ ಹಿಡಿಯಿತು.

“ಬ್ಯಾಡ ನನ್ನವ್ವ,” ಎಂದ ಮುತ್ಯಾ.

“ಮುತ್ಯಾ, ಇದು ದೇವರಲ್ಲ! ಇದ್ರಾಗ ಗಾಡಿ ತೂಕ ಬರದೈತಿ!”

ಮುತ್ಯಾ ಬಗ್ಗಿ, ನೆಲ ತಡವಿ ತಡವಿ, ಬಿದ್ದ ಚಕ್ಕೆಯನ್ನು ಹುಡುಕಿದ. ಬಾಗಿಲ ಕೀಲುಗಳಿಗೆ ಬಿಟ್ಟಿದ್ದ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು, ಚಕ್ಕೆಯನ್ನು ಇದ್ದಲ್ಲೇ ಇಟ್ಟು ಹೆಬ್ಬೆರಳಿನಿಂದ ಒತ್ತಿದ. ‘ಕೆ’ ಮತ್ತೆ ಮುಚ್ಚಿಹೋಯಿತು.

“ಇದು ನಿಮ್ಮ ಆಯಿದು. ಮುಟ್ಟಬ್ಯಾಡ,” ಎಂದು ಬಾಗಿಲು ಹಾಕಿದ.

ಭಾಗ್ಯ ಅಲ್ಲೇ ನಿಂತಳು. ನಿಜ ಹೊರಗೆ ಬರುತ್ತದೆ ಎಂದು ಮುತ್ಯಾ ಹೆದರಿದ್ದಾನೆ! ಇಲ್ಲದಿದ್ದರೆ ಯಾಕೆ ಮುಚ್ಚಬೇಕು? ಹಾಗಾದರೆ ಆಯಿ ಹೇಳುವುದೇ ಖರೆ. ಅವಳಿಗೆ ಅಳು ಬಂತು. ಪುಸ್ತಕಕ್ಕಾಗಿ ಅಲ್ಲ, ಮುತ್ಯಾನಿಗಾಗಿ.

ಅವಳು ಆಯಿಗೆ ಹೇಳಿಬಿಟ್ಟಳು. ಆಯಿ ಮೆಂತ್ಯದ ಸೊಪ್ಪು ಸೋಸುತ್ತಾ ಕುಳಿತಿದ್ದಳು. ಕೇಳುತ್ತಾ ಕೇಳುತ್ತಾ ಅವಳ ಕೈ ನಿಂತಿತು.

“ಅದು ಮಂತ್ರದ ತಗಡು ಅಲ್ಲೇನು?”

“ಅಲ್ಲ ಆಯಿ. ಕಂಪನಿಯವ್ರು ಬಡಿದದ್ದು. ನಾ ವಿಡಿಯೋದಾಗ ನೋಡೀನಿ.”

ಆಯಿ ಸೊಪ್ಪಿನ ಮೊರವನ್ನು ಬದಿಗೆ ಸರಿಸಿದಳು. ಯಾಕಾದರೂ ಹೇಳಿದೆನೋ ಎಂದು ಭಾಗ್ಯಳಿಗೆ ಅನ್ನಿಸಿತು.

“ಇಷ್ಟು ವರ್ಷ ನಾ ಕಂಪನಿಗೆ ಕೈ ಮುಗದೆನೇನು?” ಎಂದಳು ಆಯಿ, ಸಣ್ಣ ದನಿಯಲ್ಲಿ. ಮತ್ತೆ ತನ್ನಷ್ಟಕ್ಕೆ ತಾನೇ, “ಇರಲಿ. ನಿಮ್ಮ ಮುತ್ಯಾ ಗಾಡಿ ತಗೊಂಡು ಹೋದಾಗೊಮ್ಮೆ ಆ ತಗಡಿನ ಮ್ಯಾಲೆ ಭಾರ ಹಾಕಿ ಕೂಡ್ತಿದ್ದೆ. ಪ್ರತಿ ಸಲ ನೆಟ್ಟಗ ತಿರುಗಿ ಬಂದಾರ. ಕೈ ಮುಗದದ್ದು ದಂಡ ಏನಾಗಿಲ್ಲ,” ಎಂದಳು.

“ಆದ್ರ ಮುತ್ಯಾ ಅದನ್ನ ಮುಟ್ಟಬ್ಯಾಡ ಅಂದ. ಚಕ್ಕಿ ವಾಪಸ್ ಅಂಟಿಸಿದ.”

“ಹ್ಞಾಂ!” ಆಯಿ ಎದ್ದೇಬಿಟ್ಟಳು. “ಅಂದ್ರ ಮುಚ್ಚಿಡಾಕತ್ತಾರ. ತಾ ಆ ಹುಣಸಿಹಣ್ಣು!”

ಹಿತ್ತಾಳೆ ಚರಿಗೆ ತಿಕ್ಕಿದ ಹಾಗೆ ಆಯಿ ಹುಣಸೆಹಣ್ಣು ಹಚ್ಚಿ ತಗಡನ್ನು ತಿಕ್ಕತೊಡಗಿದಳು. ಕೆಂಪು ನೀರು, ಹಳದಿ ನೀರು, ಮತ್ತೆ ಕೆಂಪು ನೀರು ಅವಳ ಮೊಣಕೈವರೆಗೆ ಇಳಿಯಿತು. ಮಂಚದ ಮೇಲಿದ್ದ ಮುತ್ಯಾ ದಡಬಡಿಸಿ ಎದ್ದು ಬಂದ.

“ಗದಿಗೆಮ್ಮಾ, ಬಿಡು. ಎರಡು ಟ್ರಿಪ್ ಹೊಡದ್ರ ಆತು. ಅದನ್ಯಾಕ ತೊಳಿತಿ?”

“ನಿಮಗ್ಯಾಕ ಅಂಜಿಕಿ?” ಎಂದಳು ಆಯಿ, ತಿರುಗಿ ನೋಡದೆ.

ತಗಡು ಫಳಫಳ ಹೊಳೆಯಿತು. ಭಾಗ್ಯ ಕಣ್ಣು ಹತ್ತಿರ ಹಿಡಿದು ಓದಿದಳು. “ಜಿ, ವಿ, ಡಬ್ಲ್ಯೂ. ಅದೇನೋ ಗೊತ್ತಿಲ್ಲ. ಮುಂದ ಹತ್ತೊಂಬತ್ತು ನೂರು ಕೆಜಿ!”

“ಸಾವಿರ ಕೆಜಿಗೆ ಒಂದು ಟನ್ ಅಲ್ಲೇನು?”

“ಹೌದು ಆಯಿ! ಇದು ಹತ್ತತ್ತಿರ ಎರಡು ಟನ್!”

ಗೆದ್ದ ಆಯಿ ಕುಣಿದಾಡುತ್ತಾಳೆ ಎಂದುಕೊಂಡಿದ್ದಳು ಭಾಗ್ಯ. ಆಯಿ ಮೆಲ್ಲಗೆ ನೀಲಮ್ಮನ ಮೆಟ್ಟಿಲ ಮೇಲೆ ಕುಳಿತಳು.

“ಎರಡು ಟನ್,” ಎಂದಳು. “ನಮ್ಮವ್ವಂದು ಒಂದು ಕಲ್ಲು ಹಿಡಿಸಲಿಲ್ಲ.” ಹುಣಸೆಯ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಕಣ್ಣು ಇನ್ನಷ್ಟು ಉರಿದು ಇನ್ನಷ್ಟು ನೀರು ಬಂತು.

ಮುತ್ಯಾ ಗಾಬರಿಯಿಂದ ತಗಡನ್ನು ಬೆರಳಿನಿಂದ ತಡವಿದ. “ಮಾರಿದ ಸೇಠ್ ಅರ್ಧ ಟನ್ ಅಂತನ ಹೇಳಿದ್ದ,” ಎಂದ. “ಇನ್ನೊಮ್ಮಿ ಓದವ್ವ ಭಾಗ್ಯಾ. ಬರೋಬರಿ ಓದಿದ್ಯಾ?”

ಭಾಗ್ಯ ಇನ್ನೊಮ್ಮೆ ಓದಿದಳು. ಹತ್ತೊಂಬತ್ತು ನೂರೇ. ಮುತ್ಯಾನ ಕೈ ತಗಡಿನ ಮೇಲೆಯೇ ಉಳಿಯಿತು.

ಅವತ್ತು ಮುತ್ಯಾ ಅರ್ಧ ರೊಟ್ಟಿ ತಿಂದು ಎದ್ದ. ಭಾಗ್ಯಳ ಅವ್ವ ಶಂಶಾಬಾದ್ ಏರ್‌ಪೋರ್ಟಿನ ಡ್ಯೂಟಿ ಮುಗಿಸಿ ಬಂದವಳು, “ಯಾಕ್ರೀ ಮಾಮಾ, ಪಲ್ಯ ಖಾರ ಆತೇನ್ರಿ?” ಎಂದು ಕೇಳಿದಳು. ಗೆದ್ದವರಿಗೂ ಊಟ ಸೇರಿರಲಿಲ್ಲ.

ಅಪ್ಪ ಮಾತ್ರ ತಗಡು ನೋಡಿ ತಲೆ ಕೆರೆದುಕೊಂಡ. “ಈ ಜಿವಿಡಬ್ಲ್ಯೂ ಅಂದ್ರೇನಂತ ಕಾಂಟಾದಾಗ ಚನ್ನುನ್ನ ಕೇಳಬೇಕು. ಹೆಂಗೂ ಖಾಲಿ ಗಾಡಿ ತೂಗಿಸಿಕೊಂಡ ಹೋಗೂಣು.”

ಭಾನುವಾರ ಬೆಳಿಗ್ಗೆ ನೀಲಮ್ಮ ಕೆಮ್ಮಿ, ಸೀನಿ, ಹೊರಟಳು. ಮುಂದೆ ಅಪ್ಪ, ಭಾಗ್ಯ, ಆಯಿ. “ನೀಲಮ್ಮನ್ನ ಒಬ್ಬಾಕಿನ್ನ ಕಳಸಂಗಿಲ್ಲ,” ಎಂದು ಮುತ್ಯಾನೂ ಬಂದ. ಆಯಿ ಅವನಿಗೆ ಜಾಗ ಮಾಡಿಕೊಡಲಿಲ್ಲ. ಅವನು ಹಿಂದಿನ ತೊಟ್ಟಿಯಲ್ಲಿ ಗೋಣಿಚೀಲ ಹಾಸಿಕೊಂಡು ಕುಳಿತ.

ಕಾಂಟಾ ಎಂದರೆ ಲಾರಿಗಳನ್ನು ತೂಗುವ ಜಾಗ. ನೆಲದಲ್ಲೇ ಒಂದು ದೊಡ್ಡ ಕಬ್ಬಿಣದ ಹಲಗೆ. ಗಾಡಿ ಅದರ ಮೇಲೆ ನಿಂತರೆ ಗೋಡೆಯ ಬೋರ್ಡಿನಲ್ಲಿ ಕೆಂಪು ಅಂಕಿ ಮೂಡುತ್ತದೆ.

“ಅಮ್ಮಾ, ದಿಗಂಡಿ! ತಾತಾ, ದಿಗಂಡಿ! ಎಲ್ಲರೂ ಇಳೀರಿ,” ಎಂದು ಕೂಗಿದ ಕಾಂಟಾದ ಚನ್ನು. “ಇಲ್ಲಾಂದ್ರ ನಿಮ್ಮ ತೂಕಾನೂ ಗಾಡಿ ಲೆಕ್ಕಕ್ಕ ಬರತೈತಿ.”

“ನಂದೇನು ಮಹಾ ತೂಕ!” ಎಂದು ಗೊಣಗುತ್ತಾ ಆಯಿ ಇಳಿದಳು.

ಬೋರ್ಡಿನ ಅಂಕಿ ಕುಣಿದು, ಕುಣಿದು, ನಿಂತಿತು. 1400.

ಭಾಗ್ಯಳಿಗೆ ವಿಚಿತ್ರವೆನಿಸಿತು. “ನಾವು ಇನ್ನೂ ಏನೂ ಹೇರಿಲ್ಲಲ್ಲ? ಹದಿನಾಲ್ಕು ನೂರು ಹೆಂಗ ಬಂತು?”

“ಗಾಡಿಗೆ ಮೈ ಇಲ್ಲೇನವ್ವ? ಅದರ ಮೈ ತೂಕ ಅದು,” ಎಂದ ಚನ್ನು. ಅಪ್ಪ ಕೇಳಿದ್ದಕ್ಕೆ, “ಜಿವಿಡಬ್ಲ್ಯೂ ಅಂದ್ರ ಟೋಟಲ್ ಅಣ್ಣಾ. ಗಾಡಿ, ಮಾಲು, ಮಂದಿ, ಎಲ್ಲಾ ಕೂಡಿ,” ಎಂದು ಹಿಂದಿನ ಲಾರಿಯ ಕಡೆ ಹೋದ.

“ಹಂಗಂದ್ರೇನು ಅಪ್ಪಾ?”

ಅಪ್ಪ ಬಾಯಿ ತೆರೆಯುವ ಮೊದಲೇ ಆಯಿ ಹೇಳಿದಳು. “ಇಷ್ಟು ತಿಳಿಯಂಗಿಲ್ಲೇನು? ನಾ ಡಬ್ಬಿ ಒಯ್ದು ಎಣ್ಣಿ ತರಾಕ ಹೋದ್ರ ಕಿರಾಣಿಯಾಂವ ಮೊದಲ ಖಾಲಿ ಡಬ್ಬಿ ತೂಗತಾನ. ಆಮ್ಯಾಲೆ ಎಣ್ಣಿ ಹಾಕಿ ತೂಗತಾನ. ಡಬ್ಬಿ ತೂಕ ಕಳದು ಎಣ್ಣಿ ಲೆಕ್ಕ ಹಿಡಿಬೇಕು. ಹಂಗ ಈ ಗಾಡಿನೂ ಒಂದು ಡಬ್ಬಿ ಅಂತ ತಿಳಿ. ಹತ್ತೊಂಬತ್ತು ನೂರರಾಗ ಡಬ್ಬಿ ತೂಕ ಕಳದ್ರ...”

ಆಯಿ ಅಲ್ಲಿಗೇ ನಿಂತಳು.

ಭಾಗ್ಯ ಮನಸ್ಸಿನಲ್ಲೇ ಕಳೆದಳು. ಇನ್ನೊಮ್ಮೆ ಕಳೆದಳು. “ಐದು ನೂರು,” ಎಂದಳು ಮೆಲ್ಲಗೆ. “ಅರ್ಧ ಟನ್.”

ಹಿಂದಿನ ಲಾರಿ ಪೋಂ ಪೋಂ ಎಂದಿತು. “ಬಂಡಿ ತೀಯಂಡಿ! ಗಾಡಿ ತಗೀರಿ!” ಎಂದು ಚನ್ನು ಕೂಗಿದ. ಅಪ್ಪ ನೀಲಮ್ಮನನ್ನು ಬದಿಗೆ ಒಯ್ದು ನಿಲ್ಲಿಸಿದ. ಆಯಿ ಮಾತ್ರ ನಿಂತಲ್ಲೇ ನಿಂತಿದ್ದಳು. ಮುತ್ಯಾ ಹೋಗಿ ಅವಳ ಮೊಣಕೈ ಹಿಡಿದು ಬದಿಗೆ ಕರೆತಂದ.

“ಗಾಡಿ ತೂಕ ಈ ತಗಡಿನ್ಯಾಗ ಐತಿ ಅಂತ ನಿಮಗ ಮೊದಲ ಗೊತ್ತಿತ್ತೇನು?” ಎಂದು ಕೇಳಿದಳು ಆಯಿ.

“ಗೊತ್ತಿತ್ತು. ಗಾಡಿ ತಗೊಂಡಾಗನ ಸೇಠ್ ಬೆರಳಿಟ್ಟು ತೋರಿಸಿದ್ದ.”

“ಮತ್ತ ಒಂದಿನಾನಾದ್ರೂ ಕೆರದು ತೋರಸಬೇಕಿಲ್ಲೇನು? ತಗೋ ಗದಿಗೆಮ್ಮಾ, ಯಾರನರ ಕರದು ಓದಸು ಅನ್ನಬೇಕಿಲ್ಲೇನು? ಇಷ್ಟು ವರ್ಷ ನನ್ನ ಬಾಯಿಲೆ ಅನ್ನಿಸಿಕೋಂತ ಕುಂತ್ರಲ್ಲ!”

ಮುತ್ಯಾ ಹೆಗಲ ಮೇಲಿನ ಟವೆಲ್ಲು ತೆಗೆದು, ಕೊಡವಿ, ಮತ್ತೆ ಹೆಗಲ ಮೇಲೆ ಹಾಕಿಕೊಂಡ.

“ಹೆಂಗ ಕೆರಿಲಿ?” ಎಂದ. “ನೀ ಕೈ ಮುಗಿತಿದ್ದೆಲ್ಲ.”

ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕೊನೆಗೆ ಸಿಟ್ಟು ತೀರಿಸಿಕೊಳ್ಳಲು ಬೇರೆ ಯಾರಾದರೂ ಬೇಕಲ್ಲ, “ಆ ಪೇಂಟರ್ ಕೈ ಸೇದಿ ಹೋಗಲಿ! ಬಾಗಿಲ ಮ್ಯಾಲೆ ಒನ್ ಟನ್ ಅಂತ ಯಾಕ ಬರದ?” ಎಂದಳು.

“ಬಾಜೂ ಗಾಡಿ ನೋಡಿ ಬರದ. ಅಳಸ್ತೀನಿ ಅಂದೆ ನಾನು. ಬ್ಯಾಡ್ರಿ, ಚಂದ ಕಾಣಸ್ತೈತಿ ಇರಲಿ ಅಂದಾಕಿ ನೀನ!”

ಅಪ್ಪ ಮೊದಲು ನಕ್ಕ. ಆಮೇಲೆ ಆಯಿಯೂ, ಅಳುತ್ತಲೇ, ನಕ್ಕಳು.

ಭಾಗ್ಯ ನಗಲಿಲ್ಲ. ನೆಲ ತಡವಿ ತಡವಿ ಚಕ್ಕೆ ಹುಡುಕಿದ ಆ ದೊಡ್ಡ ಕೈ ಅವಳಿಗೆ ನೆನಪಾಗುತ್ತಿತ್ತು.

ಮತ್ತೆ ಗಾಡಿ ಹತ್ತುವಾಗ ಆಯಿ ಒಳಗೆ ಸರಿದು ಕುಳಿತಳು. “ಒಳಗ ಬರ್ರಿ. ಹಿಂದ ಗಾಳಿ ಭಾಳ ಐತಿ,” ಎಂದಳು, ಯಾರಿಗೋ ಹೇಳುವಂತೆ ರಸ್ತೆ ನೋಡುತ್ತಾ. ನಾಲ್ಕು ಜನ ಒತ್ತಿ ಒತ್ತಿ ಕುಳಿತರು. ಭಾಗ್ಯ ಮುತ್ಯಾನ ತೊಡೆ ಏರಿದಳು.

ಸಿಕಂದರಾಬಾದಿನ ವಾಚನಾಲಯದ ಮುಂದೆ ದೀಪಾಲಿ ಟೀಚರ್, ಕ್ಲಾಸಿನ ಅರ್ಧ ಮಕ್ಕಳು, ಕಟ್ಟಿಟ್ಟ ಪುಸ್ತಕದ ಗಂಟುಗಳು, ಎಲ್ಲರೂ ಕಾಯುತ್ತಿದ್ದರು. ಭಾಗ್ಯ ಇಳಿದು ನೇರ ಟೀಚರ್ ಹತ್ತಿರ ಹೋದಳು.

“ಟೀಚರ್, ನಾನು ತಪ್ಪು ಹೇಳಿದ್ದೆ. ನಮ್ಮ ಗಾಡಿ ಒನ್ ಟನ್ ಅಲ್ಲ, ಅರ್ಧ ಟನ್. ಎರಡು ಟ್ರಿಪ್ ಹೊಡಿಬೇಕು.”

“ಒಂದೇ ಟ್ರಿಪ್ ಅಂದಿದ್ದಿ!” ಎಂದ ಚೇತನಕುಮಾರ. “ಬಾಗಿಲ ಮೇಲೆ ಈಗಲೂ ಒನ್ ಟನ್ ಅಂತ ಇದೆ!”

“ಅದು ಪೇಂಟರ್ ಬರೆದದ್ದು,” ಎಂದಳು ಭಾಗ್ಯ. “ನಮ್ಮ ಮುತ್ಯಾ ಹೇಳಿದ್ದೇ ಖರೆ.”

“ಹಾಗಾದ್ರೆ ಮಾತಾಡ್ತಾ ನಿಲ್ಲಬೇಡಿ, ಬೇಗ ಬೇಗ!” ಎಂದರು ಟೀಚರ್.

ಹುಡುಗರು ಇರುವೆ ಸಾಲಿನ ಹಾಗೆ ನಿಂತು ಗಂಟುಗಳನ್ನು ಕೈಯಿಂದ ಕೈಗೆ ದಾಟಿಸಿದರು. ಒಂದು ಅಲಮಾರಿ ಏರಿತು. ಗಂಟುಗಳು ಏರಿದವು. ತೊಟ್ಟಿಯಲ್ಲಿ ಇನ್ನೂ ಅರ್ಧಕ್ಕರ್ಧ ಜಾಗವಿತ್ತು.

“ಇನ್ನೊಂದು ಅಲಮಾರಿನೂ ಹಾಕಿಬಿಡೋಣ,” ಎಂದರು ವಾಚನಾಲಯದವರು. “ಜಾಗ ಇದೆಯಲ್ಲ. ಸಂಜೆ ಒಳಗೆ ಕೀಲಿ ಕೊಡಬೇಕು.”

ಮುತ್ಯಾ ಗಾಲಿಯ ಕಡೆ ಹೆಜ್ಜೆ ಹಾಕಿದ. ಅಷ್ಟರಲ್ಲಿ ಆಯಿ ಅವನನ್ನು ದಾಟಿ ಮುಂದೆ ಹೋದಳು. ಮಂಡಿ ನೋವಿನ ಆಯಿ, ನೀಲಮ್ಮನ ಹಿಂದಿನ ಗಾಲಿಯ ಹತ್ತಿರ ಉಸ್ಸೆನ್ನುತ್ತಾ ಬಗ್ಗಿದಳು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತನ್ನ ಗೇಣು ಅಗಲಿಸಿ ಇಟ್ಟಳು. ಗೇಣು ಕೂದಲಷ್ಟೂ ಮಿಗದೆ ಕೂತಿತು.

“ಸಾಕು!” ಎಂದಳು, ಕೈ ಎತ್ತಿ. “ಇನ್ನೊಂದು ಕಾಗದ ಸೈತ ಹಾಕಬ್ಯಾಡ್ರಿ. ನಮ್ಮದು ಅರ್ಧ ಟನ್ನಿನ ಗಾಡಿ. ಉಳಿದದ್ದು ಮುಂದಿನ ಟ್ರಿಪ್ಪಿಗೆ. ನಾ ಇಲ್ಲೇ ಕಾಯ್ಕೋಂತ ಕೂಡ್ತೀನಿ, ರದ್ದಿಯಾಂವ ಹೆಂಗ ಒಯ್ತಾನ ನೋಡ್ತೀನಿ!”

ಆಯಿ ಉಳಿದ ಅಲಮಾರಿಗೆ ಬೆನ್ನು ಕೊಟ್ಟು ಕೂತೇಬಿಟ್ಟಳು. ಆ ಕಡೆ ಮುಖ ತಿರುಗಿಸಿ ನಿಂತ ಮುತ್ಯಾ ಟವೆಲ್ಲಿನಿಂದ ನೀಲಮ್ಮನ ಕನ್ನಡಿಯನ್ನು ಒರೆಸಿದ. ಅದು ಮೊದಲೇ ಸ್ವಚ್ಛವಾಗಿತ್ತು.

ಹೊತ್ತು ಮುಳುಗುವ ಮುಂಚೆ ಎರಡನೇ ಟ್ರಿಪ್ಪೂ ಮುಗಿಯಿತು. ರದ್ದಿಯವನಿಗೆ ಒಂದು ಪುಟವೂ ಸಿಗಲಿಲ್ಲ.

ಮುಂದಿನ ಅಮಾವಾಸ್ಯೆಗೆ ಆಯಿ ಎಂದಿನಂತೆ ಕುಂಕುಮದ ಬಟ್ಟಲು ಹಿಡಿದು ಚಪ್ಪರದ ಕೆಳಗೆ ಬಂದಳು. ಹಿಂದೆ ಭಾಗ್ಯ ಎಣ್ಣೆಯ ಗಿಂಡಿ ಹಿಡಿದಿದ್ದಳು. ಹಿತ್ತಾಳೆಯ ತಗಡು ಹೊಳೆಯುತ್ತಿತ್ತು.

“ಇದರಾಗ ಅಕ್ಷರ ಇಲ್ಲದ ಜಾಗ ಯಾವುದೈತಿ, ತೋರಸು,” ಎಂದಳು ಆಯಿ.

ಭಾಗ್ಯ ಒಂದು ಮೂಲೆಯನ್ನು ತೋರಿಸಿದಳು. ಆಯಿ ಅಲ್ಲಿ ಒಂದೇ ಒಂದು ಸಣ್ಣ ಬೊಟ್ಟು ಇಟ್ಟು, ಕಣ್ಣು ಮುಚ್ಚಿ ಕೈ ಮುಗಿದಳು.

ಮುತ್ಯಾ ಅಷ್ಟು ದೂರದಲ್ಲಿ ಒದ್ದೆ ಬಟ್ಟೆ ಹಿಡಿದು, ಆಯಿಯ ಪೂಜೆ ಮುಗಿಯಲೆಂದು ಕಾಯುತ್ತಿದ್ದ. ಅವನು ಇಷ್ಟು ವರ್ಷ ಹೀಗೇ ಕಾಯುತ್ತಿದ್ದನೇನೋ. ಭಾಗ್ಯ ಎಣ್ಣೆಯ ಗಿಂಡಿ ಕೆಳಗಿಟ್ಟು, ಹೋಗಿ ಅವನ ಪಕ್ಕ ನಿಂತು, ತಾನೂ ಸದ್ದಿಲ್ಲದೆ ಕಾದಳು.